ತೂಕ ಇಳಿಕೆಯ ಶಸ್ತ್ರಚಿಕಿತ್ಸೆಗೆ ಮುನ್ನ ಕಾಫಿ, ಚಹಾ, ಸೋಡಾ ಬಿಡುವ ಕ್ರಮ: ಸಮಗ್ರ ಮಾರ್ಗದರ್ಶಿ

ಬೇರಿಯಾಟ್ರಿಕ್ ಸರ್ಜರಿಗೆ ದಿನಾಂಕ ನಿಗದಿಯಾದಾಗ ಆಸ್ಪತ್ರೆಯವರು ಕೊಡುವ ಸೂಚನೆಯ ಹಾಳೆಯಲ್ಲಿ ಕಾಫಿ, ಚಹಾ ಮತ್ತು ಸೋಡಾ ನಿಲ್ಲಿಸಬೇಕೆಂಬ ಮಾತು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಮುಗಿದಿರುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಒಂದು ಲೋಟ ಕಾಫಿ, ಅಂಗಡಿ ತೆರೆದ ಮೇಲೆ ಗಿರಾಕಿಗಳ ಜೊತೆ ಮೂರು ನಾಲ್ಕು ಸಲ ಚಹಾ, ಮಧ್ಯಾಹ್ನದ ಬಿಸಿಲಿಗೆ ಒಂದು ನಿಂಬೆ ಸೋಡಾ ಎಂದು ಇಪ್ಪತ್ತು ವರ್ಷ ನಡೆಸಿಕೊಂಡು ಬಂದ ದಾವಣಗೆರೆಯ ಮಂಡಿಪೇಟೆಯ ವ್ಯಾಪಾರಿಗೆ ಆ ಒಂದು ಸಾಲು ಸಾಲದು. ಯಾವಾಗಿನಿಂದ ಬಿಡಬೇಕು, ಎಷ್ಟೆಷ್ಟಾಗಿ ಬಿಡಬೇಕು, ತಲೆ ಸಿಡಿಯತೊಡಗಿದರೆ ಏನು ಮಾಡಬೇಕು, ಬಿಟ್ಟ ಜಾಗದಲ್ಲಿ ಏನನ್ನು ಕುಡಿಯಬೇಕು ಎಂಬುದನ್ನು ಯಾರಾದರೂ ಕೂತು ಹೇಳಬೇಕಾಗುತ್ತದೆ. ಆ ಕೆಲಸವನ್ನು ಈ ಬರಹ ಮಾಡುತ್ತದೆ.

ಇಲ್ಲಿ ಹೇಳುವುದರ ತಿರುಳು ಇಷ್ಟು. ಕಾಫಿ, ಚಹಾದಲ್ಲಿರುವ ಕೆಫೀನ್ ಎಂಬ ಚುರುಕು ತರುವ ಅಂಶವನ್ನು ಬಿಟ್ಟಾಗ ಬರುವ ತಲೆನೋವು, ಮಂಪರು, ಸಿಡುಕುಗಳೆಲ್ಲ ಬಂದು ಹೋಗಿ ಮೈ ತಿಳಿಯಾದ ಮೇಲೆಯೇ ಶಸ್ತ್ರಚಿಕಿತ್ಸೆಯ ದಿನ ಬರುವಂತೆ ನೋಡಿಕೊಳ್ಳಬೇಕು. ಅದಕ್ಕಾಗಿ ಆರೇಳು ವಾರ ಮೊದಲೇ ಕೆಲಸ ಆರಂಭಿಸಬೇಕು. ಕಾಫಿ ಮತ್ತು ಚಹಾವನ್ನು ಇಳಿಸುತ್ತ ಇಳಿಸುತ್ತ ಬಿಡಬೇಕು, ಸೋಡಾವನ್ನು ಮಾತ್ರ ಒಂದೇ ಸಲಕ್ಕೆ ಬಿಡಬೇಕು. ನಿಮ್ಮ ಶಸ್ತ್ರವೈದ್ಯರು ಮತ್ತು ಆಹಾರ ತಜ್ಞರು ಕೊಟ್ಟ ಸೂಚನೆ ಇದಕ್ಕಿಂತ ಬೇರೆಯಾಗಿದ್ದರೆ ಅವರ ಮಾತೇ ಅಂತಿಮ, ಏಕೆಂದರೆ ನಿಮ್ಮ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂತ್ರಪಿಂಡದ ಸ್ಥಿತಿಗಳೆಲ್ಲ ಅವರ ಕಣ್ಣೆದುರಿಗಿರುತ್ತವೆ.

ಏಕೆ ಬಿಡಬೇಕು

ಕಾರಣ ಮನಸ್ಸಿಗೆ ಹಿಡಿಸದೆ ಬಿಟ್ಟ ಅಭ್ಯಾಸ ಬಹುಕಾಲ ನಿಲ್ಲುವುದಿಲ್ಲವಾದ್ದರಿಂದ ಮೊದಲು ಅದನ್ನು ಸ್ವಲ್ಪ ವಿವರವಾಗಿಯೇ ನೋಡೋಣ. ಈ ಶಸ್ತ್ರಚಿಕಿತ್ಸೆಯ ಒಂದು ಬಗೆಯಾದ ಸ್ಲೀವ್ ಗ್ಯಾಸ್ಟ್ರೆಕ್ಟಮಿಯಲ್ಲಿ ಜಠರದ ಸುಮಾರು ಶೇ. 75ರಿಂದ 80ರಷ್ಟನ್ನು ತೆಗೆದುಹಾಕಿ, ಬಾಳೆಕಾಯಿಯ ಆಕಾರದ ಕೊಳವೆಯೊಂದನ್ನು ಉಳಿಸುತ್ತಾರೆ. ಅದರ ಹಿಡಿತ ಸುಮಾರು 100ರಿಂದ 150 ಮಿ.ಲೀ. ಮಾತ್ರ. ಇನ್ನೊಂದು ಬಗೆಯಾದ ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಚೀಲವೊಂದನ್ನು ಮಾಡಿ ಅದಕ್ಕೆ ನೇರವಾಗಿ ಸಣ್ಣ ಕರುಳನ್ನು ಜೋಡಿಸುತ್ತಾರೆ; ಆ ಚೀಲ ಇನ್ನೂ ಚಿಕ್ಕದು, ಸುಮಾರು 30 ಮಿ.ಲೀ. ಈಗ 300 ಮಿ.ಲೀ. ಕೋಲಾ ಬಾಟಲಿಯ ಲೆಕ್ಕ ನೋಡಿ. ಅದರ ದ್ರವದಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ಪೂರ್ತಿಯಾಗಿ ಹೊರಬಂದರೆ ಹೆಚ್ಚುಕಡಿಮೆ ಒಂದು ಲೀಟರ್ ಅನಿಲವಾಗುತ್ತದೆ. ಮುಚ್ಚಳ ತೆರೆದಾಗ ಒಂದಷ್ಟು ಹೋಗುತ್ತದೆ, ಲೋಟಕ್ಕೆ ಸುರಿದಾಗ ಇನ್ನೊಂದಷ್ಟು ಹೋಗುತ್ತದೆ. ಆದರೆ ಉಳಿದದ್ದು ಬಿಡುಗಡೆಯಾಗುವುದು ನಿಮ್ಮ ಹೊಟ್ಟೆಯ ಬಿಸಿಯಲ್ಲಿ. ಮೊದಲಿನ ದೊಡ್ಡ ಜಠರ ಅದನ್ನು ಒಂದು ತೇಗಿನಲ್ಲಿ ಕಳೆದುಬಿಡುತ್ತಿತ್ತು. ಹೊಸದಾಗಿ ಹೊಲಿದ ಚಿಕ್ಕ ಚೀಲದಲ್ಲಿ ಅದೇ ಅನಿಲ ಹಿಂಡುವಂಥ ನೋವು, ಉಬ್ಬರ, ಹುಳಿತೇಗು, ವಾಕರಿಕೆಯಾಗಿ ಕಾಣಿಸಿಕೊಳ್ಳುತ್ತದೆ. ಸ್ಲೀವ್ ಮಾಡಿಸಿಕೊಂಡವರಲ್ಲಿ ಎದೆಯುರಿ ಬರುವ ಸಂಭವ ಮೊದಲೇ ಇರುವುದರಿಂದ ಅವರಿಗೆ ಇದು ಇನ್ನಷ್ಟು ಕಷ್ಟ ಕೊಡುತ್ತದೆ.

ಸೋಡಾ ಕುಡಿದರೆ ಹೊಲಿದ ಹೊಟ್ಟೆ ಮತ್ತೆ ಹಿಗ್ಗಿಬಿಡುತ್ತದೆ ಎಂದು ಅನೇಕರು ಖಚಿತವಾಗಿ ಹೇಳುವುದುಂಟು. ಅದಕ್ಕೆ ಗಟ್ಟಿಯಾದ ಪುರಾವೆ ಇಲ್ಲವೆಂಬುದನ್ನು ನಾನು ಮುಚ್ಚಿಡಲಾರೆ. ಆದರೆ ಆ ಭಯದ ಅಗತ್ಯವೇ ಇಲ್ಲ, ಏಕೆಂದರೆ ಸಕ್ಕರೆಯ ಕಾರಣವೊಂದೇ ಸಾಕು. ಸಾಮಾನ್ಯ ಕೋಲಾದ ಪ್ರತಿ 100 ಮಿ.ಲೀ.ನಲ್ಲಿ ಹತ್ತು ಗ್ರಾಂಗಿಂತ ಹೆಚ್ಚು ಸಕ್ಕರೆ ಇರುತ್ತದೆ, ಅಂದರೆ 300 ಮಿ.ಲೀ. ಬಾಟಲಿಯಲ್ಲಿ ಆರು ಚಮಚೆಗೂ ಮಿಗಿಲು. ಬೈಪಾಸ್ ಆದವರಲ್ಲಿ ಈ ಸಕ್ಕರೆ ನೇರವಾಗಿ ಸಣ್ಣ ಕರುಳಿಗೆ ಇಳಿದು ಡಂಪಿಂಗ್ ಎಂಬ ತೊಂದರೆ ತರುತ್ತದೆ: ಕುಡಿದ ಅರ್ಧ ಗಂಟೆಯೊಳಗೆ ಹೊಟ್ಟೆ ಹಿಂಡಿ, ಎದೆ ಡವಡವ ಹೊಡೆದುಕೊಂಡು, ಬೆವರು ಕಿತ್ತು ಬಂದು, ಭೇದಿಯಾಗುತ್ತದೆ. ಕೆಲವರಿಗೆ ಒಂದರಿಂದ ಮೂರು ಗಂಟೆಯ ನಂತರ ರಕ್ತದ ಸಕ್ಕರೆ ಇಳಿದು ಕೈ ನಡುಗಿ ಕಣ್ಣು ಕತ್ತಲೆ ಬರುವುದೂ ಉಂಟು. ಡಯಟ್ ಎಂದೋ ಜೀರೋ ಶುಗರ್ ಎಂದೋ ಬರೆದ ಡಬ್ಬಿಯಲ್ಲಿ ಸಕ್ಕರೆ ಇಲ್ಲದಿರಬಹುದು. ಅನಿಲ ಇದ್ದೇ ಇರುತ್ತದೆ, ಕೋಲಾ ಆಗಿದ್ದರೆ ಕೆಫೀನೂ ಇರುತ್ತದೆ.

ಕೆಫೀನ್‌ನ ವಿಷಯ ಇಷ್ಟು ಸರಳವಲ್ಲ. ಶಸ್ತ್ರವೈದ್ಯರಲ್ಲಿಯೇ ಇದರ ಬಗ್ಗೆ ಒಮ್ಮತವಿಲ್ಲ. ಕೆಲವರು ಶಸ್ತ್ರಚಿಕಿತ್ಸೆಯಾದ ಒಂದು ತಿಂಗಳಿಗೇ ಒಪ್ಪಿಗೆ ಕೊಡುತ್ತಾರೆ, ಇನ್ನು ಕೆಲವರು ಮೂರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಯಲು ಹೇಳುತ್ತಾರೆ. ಆದರೂ ಮೊದಲ ವಾರಗಳಲ್ಲಿ ಬೇಡ ಎನ್ನುವುದಕ್ಕೆ ಸರಿಯಾದ ಕಾರಣಗಳಿವೆ. ಕಾಫಿ ಜಠರದ ಆಮ್ಲವನ್ನು ಹೆಚ್ಚಿಸುತ್ತದೆ, ಅಲ್ಲಿ ಹೊಲಿಗೆ ಇನ್ನೂ ಮಾಗುತ್ತಿರುತ್ತದೆ. ಚಹಾ ಮತ್ತು ಕಾಫಿಯ ಒಗರು ಅಂಶಗಳು ಆಹಾರದ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರಲು ಬಿಡುವುದಿಲ್ಲ, ಬೈಪಾಸ್ ಆದವರಲ್ಲಿ ಕಬ್ಬಿಣದ ಕೊರತೆ ಮೊದಲೇ ಸಾಮಾನ್ಯ. ಕೆಫೀನ್ ಎದೆಬಡಿತವನ್ನು ಏರಿಸುತ್ತದೆ, ಶಸ್ತ್ರಚಿಕಿತ್ಸೆಯ ನಂತರ ಹೊಲಿಗೆ ಸೋರುತ್ತಿದೆಯೇ ಎಂದು ವೈದ್ಯರು ತಿಳಿಯುವ ಮೊದಲ ಸೂಚನೆಗಳಲ್ಲಿ ಎದೆಬಡಿತವೂ ಒಂದು. ಇವೆಲ್ಲಕ್ಕಿಂತ ನನಗೆ ಮುಖ್ಯವೆನಿಸುವುದು ಜಾಗದ ಪ್ರಶ್ನೆ: ಒಂದು ಸಲಕ್ಕೆ ನಾಲ್ಕು ಗುಟುಕು ಹಿಡಿಯುವ ಹೊಟ್ಟೆಯಲ್ಲಿ ನೀರಿಗೂ ಪ್ರೋಟೀನಿಗೂ ಇರುವ ಜಾಗವನ್ನು ಕಾಫಿಗೆ ಕೊಡಲು ಬರುವುದಿಲ್ಲ.

ಮೊದಲ ಹೆಜ್ಜೆ: ಈಗ ಎಷ್ಟು ಕುಡಿಯುತ್ತೀರಿ ಎಂದು ಬರೆದಿಡಿ

ಒಂದು ವಾರ ಏನನ್ನೂ ಬದಲಿಸದೆ, ಜೇಬಿನಲ್ಲಿ ಚಿಕ್ಕ ಪುಸ್ತಕ ಇಟ್ಟುಕೊಂಡು, ಕುಡಿದ ಪ್ರತಿಯೊಂದು ಲೋಟವನ್ನೂ ಹೊತ್ತು, ಜಾಗ ಮತ್ತು ಜೊತೆಗಿದ್ದವರ ಸಮೇತ ಬರೆಯಿರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯ ಪ್ರಕಾರ 150 ಮಿ.ಲೀ. ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿ.ಗ್ರಾಂ, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65 ಮಿ.ಗ್ರಾಂ, ಚಹಾದಲ್ಲಿ 30ರಿಂದ 65 ಮಿ.ಗ್ರಾಂ ಕೆಫೀನ್ ಇರುತ್ತದೆ, ಮತ್ತು ದಿನಕ್ಕೆ 300 ಮಿ.ಗ್ರಾಂ ಮೀರಬಾರದು. ಹೋಟೆಲಿನ ಚಿಕ್ಕ ಗಾಜಿನ ಲೋಟದಲ್ಲಿ ಇದಕ್ಕಿಂತ ಕಡಿಮೆ ಚಹಾ ಹಿಡಿಯುತ್ತದೆ, ಮನೆಯ ಸ್ಟೀಲ್ ಲೋಟದಲ್ಲಿ ಹೆಚ್ಚು ಹಿಡಿಯುತ್ತದೆ; ಆದ್ದರಿಂದ ಒಮ್ಮೆ ನಿಮ್ಮ ಲೋಟಕ್ಕೆ ನೀರು ತುಂಬಿ ಅಳತೆಯ ಪಾತ್ರೆಗೆ ಸುರಿದು ನೋಡಿದರೆ ಲೆಕ್ಕ ನಿಮ್ಮದೇ ಆಗುತ್ತದೆ.

ಬರೆಯುವಾಗ ಮರೆತುಹೋಗುವ ಮೂಲಗಳು ಕೆಲವಿವೆ. ತೂಕ ಇಳಿಯಲಿ ಎಂದು ಕುಡಿಯುವ ಗ್ರೀನ್ ಟೀ ಕೂಡ ಚಹಾದ ಎಲೆಯದೇ, ಅದರಲ್ಲಿಯೂ ಕೆಫೀನ್ ಇದೆ. ಬೆಲ್ಲದ ಚಹಾದಲ್ಲಿ ಸಕ್ಕರೆಯ ಬದಲು ಬೆಲ್ಲ ಬಂದಿತೇ ಹೊರತು ಕ್ಯಾಲೊರಿಯೂ ಕೆಫೀನೂ ಕಡಿಮೆಯಾಗಲಿಲ್ಲ. ಎನರ್ಜಿ ಡ್ರಿಂಕ್‌ಗಳಲ್ಲಿ ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಂತೆ ಲೀಟರಿಗೆ 300 ಮಿ.ಗ್ರಾಂವರೆಗೆ ಕೆಫೀನ್ ಇರಬಹುದು. ತಲೆನೋವಿಗೆಂದು ಅಂಗಡಿಯಲ್ಲಿ ಕೇಳಿ ತೆಗೆದುಕೊಳ್ಳುವ ಸಾರಿಡಾನ್‌ನಂಥ ಮಾತ್ರೆಗಳಲ್ಲಿಯೂ ಕೆಫೀನ್ ಸೇರಿರುತ್ತದೆ. ಜಿಮ್‌ಗೆ ಹೋಗುವವರು ವ್ಯಾಯಾಮಕ್ಕೆ ಮುಂಚೆ ಕುಡಿಯುವ ಪುಡಿಗಳ ಡಬ್ಬಿಯ ಹಿಂಬದಿಯನ್ನು ಓದಬೇಕು.

ಎರಡನೆಯ ಹೆಜ್ಜೆ: ವೈದ್ಯರಿಗೆ ಮೊದಲೇ ಹೇಳಬೇಕಾದವರು

ಲಿಥಿಯಂ, ಕ್ಲೋಜಪಿನ್ ಅಥವಾ ಥಿಯೋಫಿಲಿನ್ ತೆಗೆದುಕೊಳ್ಳುತ್ತಿರುವವರು ಕೆಫೀನ್ ಬಿಡುವ ಮುಂಚೆ ತಮ್ಮ ವೈದ್ಯರಿಗೆ ತಿಳಿಸಲೇಬೇಕು, ಏಕೆಂದರೆ ಕೆಫೀನ್ ನಿಂತಾಗ ರಕ್ತದಲ್ಲಿ ಈ ಔಷಧಗಳ ಮಟ್ಟ ಏರುಪೇರಾಗುತ್ತದೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆಯ ಮೇಲಿದ್ದು ದಿನವೂ ಸಿಹಿ ಸೋಡಾ, ಸಕ್ಕರೆ ಹಾಕಿದ ಚಹಾ ಕುಡಿಯುತ್ತಿದ್ದವರು ಅದನ್ನು ನಿಲ್ಲಿಸಿದಾಗ ಸಕ್ಕರೆ ತೀರಾ ಇಳಿಯಬಹುದು; ಅವರ ಔಷಧದ ಪ್ರಮಾಣವನ್ನು ಬದಲಿಸಬೇಕಾಗಬಹುದು. ಹಗಲಿನಲ್ಲಿ ತೂಕಡಿಕೆ ತಡೆಯಲಾಗದೆ ಕಾಫಿ ಕುಡಿಯುವವರು, ರಾತ್ರಿ ಜೋರಾಗಿ ಗೊರಕೆ ಹೊಡೆಯುವವರು, ನಿದ್ರೆಯಲ್ಲಿ ಉಸಿರುಕಟ್ಟುವ ತೊಂದರೆ ಇದೆಯೇ ಎಂದು ಪರೀಕ್ಷೆ ಮಾಡಿಸಿಕೊಳ್ಳಬೇಕು. ಸ್ಥೂಲಕಾಯದಲ್ಲಿ ಅದು ಬಹಳ ಸಾಮಾನ್ಯ, ಅರಿವಳಿಕೆ ಕೊಡುವ ವೈದ್ಯರಿಗೆ ಅದು ಗೊತ್ತಿರಲೇಬೇಕು. ಆ ಆಯಾಸವನ್ನು ಇಷ್ಟು ದಿನ ಕಾಫಿ ಮುಚ್ಚಿಟ್ಟಿರುವ ಸಾಧ್ಯತೆ ಇದೆ.

ಮೂರನೆಯ ಹೆಜ್ಜೆ: ಸೋಡಾ ಒಂದೇ ದಿನದಲ್ಲಿ ನಿಲ್ಲಲಿ

ಬರೆದಿಡುವ ವಾರ ಮುಗಿದ ಮರುದಿನವೇ ಗುಳ್ಳೆ ಏಳುವ ಪಾನೀಯಗಳನ್ನು ಪೂರ್ತಿ ನಿಲ್ಲಿಸಿ. ಇದಕ್ಕೆ ಇಳಿಸುತ್ತ ಹೋಗುವ ಕ್ರಮ ಬೇಕಿಲ್ಲ, ಏಕೆಂದರೆ ಅನಿಲ ಹೊಟ್ಟೆಗೆ ಹೋಗುವುದು ನಿಂತರೆ ಮೈಗೆ ತೊಂದರೆಯೇನೂ ಆಗುವುದಿಲ್ಲ. ಕೋಲಾದ ಕೆಫೀನ್ ಮಾತ್ರ ಲೆಕ್ಕಕ್ಕೆ ಬರುತ್ತದೆ, ಅದೂ 300 ಮಿ.ಲೀ.ನಲ್ಲಿ 30 ಮಿ.ಗ್ರಾಂ ಆಸುಪಾಸು, ಕಾಫಿ ಚಹಾ ಇನ್ನೂ ಮುಂದುವರಿದಿರುವ ಈ ಹಂತದಲ್ಲಿ ಅದರ ಕೊರತೆ ತಿಳಿಯುವುದಿಲ್ಲ. ದಿನಕ್ಕೆ ಲೀಟರುಗಟ್ಟಲೆ ಕೋಲಾ ಕುಡಿಯುವವರು ಮಾತ್ರ ಮುಂದಿನ ಹೆಜ್ಜೆಯ ಕ್ರಮವನ್ನು ಅದಕ್ಕೂ ಅನ್ವಯಿಸಿಕೊಳ್ಳಬೇಕು.

ನಮ್ಮ ಊರಿನಲ್ಲಿ ಸೋಡಾ ಬಾಯಾರಿಕೆಗಿಂತ ಹೆಚ್ಚಾಗಿ ಔಷಧವೆಂಬ ನಂಬಿಕೆಯಿಂದ ಹೊಟ್ಟೆಗೆ ಹೋಗುತ್ತದೆ. ಮಿರ್ಚಿ ಮಂಡಕ್ಕಿ ತಿಂದು ಹೊಟ್ಟೆ ಭಾರವಾದರೆ ಜೀರಾ ಸೋಡಾ, ಗ್ಯಾಸ್ ಆದರೆ ನಿಂಬೆ ಸೋಡಾ, ಮದುವೆ ಊಟ ಹೆಚ್ಚಾದರೆ ಗೋಲಿ ಸೋಡಾ. ತೇಗು ಬಂದ ಕೂಡಲೇ ಹಗುರವೆನಿಸುತ್ತದೆ ನಿಜ, ಆದರೆ ಆ ತೇಗಿನಲ್ಲಿ ಹೊರಬಂದದ್ದು ಬಹುತೇಕ ಸೋಡಾದ ಅನಿಲವೇ. ಈ ನಂಬಿಕೆಯನ್ನು ಈಗಲೇ ಬಿಡಬೇಕೆಂದು ಒತ್ತಿ ಹೇಳಲು ಒಂದು ಕಾರಣವಿದೆ. ಚಿಕ್ಕ ರಂಧ್ರಗಳ ಮೂಲಕ ನಡೆಸುವ ಲ್ಯಾಪ್ರೋಸ್ಕೋಪಿ ಶಸ್ತ್ರಚಿಕಿತ್ಸೆ ಮಾಡುವಾಗ ಹೊಟ್ಟೆಯ ಪೊಳ್ಳಿಗೆ ಇಂಗಾಲದ ಡೈಆಕ್ಸೈಡ್ ತುಂಬಿಸಿ ಜಾಗ ಮಾಡಿಕೊಳ್ಳುತ್ತಾರೆ. ಅದರಲ್ಲಿ ಸ್ವಲ್ಪ ಒಳಗೇ ಉಳಿದು ಮೊದಲ ಕೆಲವು ದಿನ ಹೊಟ್ಟೆ ಬಿಗಿದಂತೆ, ಭುಜ ನೊಂದಂತೆ ಆಗುತ್ತದೆ. ಆಗ ನೋಡಲು ಬಂದ ನೆಂಟರೊಬ್ಬರು ಗ್ಯಾಸ್ ಆಗಿರಬೇಕು, ಒಂದು ಸೋಡಾ ತರಿಸಿ ಎಂದು ಹೇಳಿಯೇ ಹೇಳುತ್ತಾರೆ. ಆ ಅನಿಲ ಜಠರದ ಹೊರಗಿರುತ್ತದೆ, ಸೋಡಾದಿಂದ ಅದು ಹೋಗುವುದಿಲ್ಲ, ಮೈಯೇ ಅದನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ; ವಾರ್ಡಿನಲ್ಲಿ ಮೆಲ್ಲಗೆ ಓಡಾಡಿದರೆ ಹಗುರವೆನಿಸಬಹುದು. ನೀರಿಗೆ ಹಾಕಿದರೆ ನೊರೆಯೇಳುವ ಈನೋದಂಥ ಪುಡಿಗಳನ್ನೂ, ನೀರಿನಲ್ಲಿ ಬುಸುಗುಟ್ಟಿ ಕರಗುವ ವಿಟಮಿನ್ ಮಾತ್ರೆಗಳನ್ನೂ ಇದೇ ಸಾಲಿಗೆ ಸೇರಿಸಿಕೊಳ್ಳಿ. ಬಿಯರ್ ಕುಡಿಯುವವರು ಅದನ್ನೂ ಬಿಡಬೇಕು. ಈ ಶಸ್ತ್ರಚಿಕಿತ್ಸೆಗಳ ನಂತರ ಮದ್ಯ ಮೊದಲಿಗಿಂತ ಬೇಗ ರಕ್ತಕ್ಕೇರುತ್ತದೆ, ಸ್ವಲ್ಪಕ್ಕೇ ಅಮಲು ಹತ್ತುತ್ತದೆ.

ಬಾಟಲಿ ತೆರೆದಿಟ್ಟು ಗುಳ್ಳೆ ಹೋದ ಮೇಲೆ ಕುಡಿಯಬಹುದಲ್ಲ ಎಂದು ಕೇಳುವವರಿದ್ದಾರೆ. ಗುಳ್ಳೆ ಹೋಗಬಹುದು, ಸಕ್ಕರೆ ಎಲ್ಲಿಗೂ ಹೋಗುವುದಿಲ್ಲ.

ಜೀರಾ ಸೋಡಾದ ರುಚಿಗೆ ನಾಲಿಗೆ ಒಗ್ಗಿಹೋದವರು ಮನೆಯಲ್ಲಿಯೇ ಜೀರಿಗೆ ನೀರು ಮಾಡಿಟ್ಟುಕೊಳ್ಳಬಹುದು. ಒಂದು ಚಮಚೆ ಜೀರಿಗೆಯನ್ನು ಬಾಣಲೆಯಲ್ಲಿ ಎಣ್ಣೆಯಿಲ್ಲದೆ ಘಮ್ಮೆನ್ನುವವರೆಗೆ ಹುರಿದು, ಅರ್ಧ ಲೀಟರ್ ನೀರಿಗೆ ಹಾಕಿ, ನೀರಿನ ಬಣ್ಣ ತಿಳಿ ಕಂದಾಗುವವರೆಗೆ ಕುದಿಸಿ ಸೋಸಬೇಕು. ಆರಿದ ಮೇಲೆ ಚಿಟಿಕೆ ಕಪ್ಪುಪ್ಪು ಸೇರಿಸಿ, ಅರ್ಧ ನಿಂಬೆಹಣ್ಣು ಹಿಂಡಿ ತಂಪಾದ ಜಾಗದಲ್ಲಿಟ್ಟರೆ ಸೋಡಾ ಅಂಗಡಿಯ ರುಚಿಯಲ್ಲಿ ಮುಕ್ಕಾಲು ಪಾಲು ಇದರಲ್ಲಿ ಸಿಗುತ್ತದೆ. ಗುಳ್ಳೆಯ ಚುರುಕಿಗಾಗಿ ಹಂಬಲಿಸುವವರಿಗೆ ಈ ಹುಳಿ ಮತ್ತು ತಂಪು ಎರಡೂ ಸೇರಿದಾಗ ಹಂಬಲ ಬಹಳ ಮಟ್ಟಿಗೆ ಇಳಿಯುತ್ತದೆ. ರಕ್ತದೊತ್ತಡ ಇರುವವರು ಉಪ್ಪು ಬಿಡಬೇಕು.

ನಾಲ್ಕನೆಯ ಹೆಜ್ಜೆ: ಕಾಫಿ, ಚಹಾ ಇಳಿಸುವ ನಾಲ್ಕು ವಾರ

ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಆಯಾಸವನ್ನು ತಿಳಿಸುವ ಕೆಲಸ ಮಾಡುತ್ತದೆ. ಕೆಫೀನ್ ಅದು ಕೂರುವ ಜಾಗವನ್ನು ಆಕ್ರಮಿಸಿ ಆ ಸುದ್ದಿಯನ್ನು ತಡೆಯುತ್ತದೆ, ಮಿದುಳಿನ ರಕ್ತನಾಳಗಳನ್ನೂ ಬಿಗಿಯುತ್ತದೆ. ಒಮ್ಮೆಗೇ ನಿಲ್ಲಿಸಿದಾಗ ರಕ್ತನಾಳಗಳು ಹಿಗ್ಗಿ ತಲೆ ಸಿಡಿಯುತ್ತದೆ. ಕೊನೆಯ ಲೋಟ ಕುಡಿದ 12ರಿಂದ 24 ಗಂಟೆಯೊಳಗೆ ತಲೆನೋವು ಆರಂಭವಾಗಿ, ಒಂದೆರಡು ದಿನದಲ್ಲಿ ಉತ್ತುಂಗಕ್ಕೇರಿ, ಎರಡರಿಂದ ಒಂಬತ್ತು ದಿನ ಇರಬಹುದು. ಜೊತೆಗೆ ಮಂಪರು, ಸಿಡುಕು, ಮನಸ್ಸು ಒಂದೆಡೆ ನಿಲ್ಲದಿರುವುದು, ಕೆಲವರಿಗೆ ವಾಕರಿಕೆ. ಶಸ್ತ್ರಚಿಕಿತ್ಸೆಯ ಮುನ್ನಾದಿನದವರೆಗೂ ಕಾಫಿ ಕುಡಿದು ಆಸ್ಪತ್ರೆಗೆ ಸೇರಿದವರಿಗೆ ಇವೆಲ್ಲವೂ ಹೊಲಿಗೆಯ ನೋವಿನ ಜೊತೆಗೇ ಬರುತ್ತವೆ. ಆ ವಾಕರಿಕೆ ಯಾವುದರಿಂದ ಬಂದದ್ದೆಂದು ರೋಗಿಗೂ ತಿಳಿಯುವುದಿಲ್ಲ, ನರ್ಸ್‌ಗೂ ತಿಳಿಯುವುದಿಲ್ಲ.

ಆದ್ದರಿಂದ ನಾಲ್ಕೈದು ದಿನಕ್ಕೊಮ್ಮೆ ಒಟ್ಟು ಕೆಫೀನ್‌ನ ಕಾಲುಭಾಗದಷ್ಟನ್ನು ಇಳಿಸುವುದು ಸಹನೀಯ ವೇಗ. ಬೆಳಿಗ್ಗೆ ಮತ್ತು ಸಂಜೆ ಒಂದೊಂದು ಲೋಟ ಕಾಫಿ, ನಡುವೆ ನಾಲ್ಕು ಲೋಟ ಚಹಾ ಕುಡಿಯುವವರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮೊದಲು ಬಿಡಬೇಕಾದದ್ದು ಸಂಜೆಯ ಕಾಫಿ, ಏಕೆಂದರೆ ಕೆಫೀನ್‌ನ ಅರ್ಧದಷ್ಟು ಮೈಯಿಂದ ಇಳಿಯಲು ಸುಮಾರು ಐದು ಗಂಟೆ ಬೇಕು; ಸಂಜೆಯದನ್ನು ಬಿಟ್ಟರೆ ನಿದ್ರೆ ಸುಧಾರಿಸುತ್ತದೆ, ನಿದ್ರೆ ಸುಧಾರಿಸಿದರೆ ಮುಂದಿನದನ್ನು ಬಿಡುವುದು ಸಲೀಸಾಗುತ್ತದೆ. ಎರಡನೆಯದಾಗಿ ಹೋಗಬೇಕಾದವು ಬರೀ ಮುಲಾಜಿಗೆ ಕುಡಿಯುವ ಲೋಟಗಳು: ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ಬೆಲೆ ಮಾತಾಡುವಾಗ ಹುಡುಗ ತಂದಿಟ್ಟದ್ದು, ಕಚೇರಿಯಲ್ಲಿ ಸಹೋದ್ಯೋಗಿ ಎದ್ದಾಗ ತಾನೂ ಎದ್ದು ಹೋಗಿ ಕುಡಿದದ್ದು. ನೀವು ಬರೆದ ಪುಸ್ತಕದಲ್ಲಿ ಇವು ಎದ್ದು ಕಾಣುತ್ತವೆ, ಇವನ್ನು ಬಿಡುವುದು ಸುಲಭ. ಬೆಳಗಿನ ಮೊದಲ ಲೋಟವನ್ನು ಮಾತ್ರ ಕೊನೆಯವರೆಗೂ ಉಳಿಸಿಕೊಳ್ಳಿ. ಅದೊಂದು ಇದೆ ಎಂಬ ಧೈರ್ಯದಲ್ಲಿ ಉಳಿದವು ಹೋಗುತ್ತವೆ.

ಆ ಕೊನೆಯ ಲೋಟವನ್ನು ಕರಗಿಸುವುದಕ್ಕೆ ಫಿಲ್ಟರ್ ಕಾಫಿಯವರಿಗೆ ಒಂದು ಒಳ್ಳೆಯ ದಾರಿಯಿದೆ. ಚಿಕೋರಿ ಒಂದು ಬೇರಿನ ಪುಡಿ, ಅದರಲ್ಲಿ ಕೆಫೀನ್ ಇಲ್ಲ. ನಮ್ಮಲ್ಲಿ ಮಾರುವ ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿಯ ಪಾಲು ಶೇ. 51ಕ್ಕಿಂತ ಕಡಿಮೆ ಇರಬಾರದೆಂಬ ನಿಯಮವಿರುವುದರಿಂದ ಚಿಕೋರಿ ಶೇ. 49ರವರೆಗೆ ಇರಬಹುದು. ಪುಡಿ ಅಂಗಡಿಯಲ್ಲಿ ಬೀಜ ಬೀಸಿಸಿಕೊಳ್ಳುವವರು ಚಿಕೋರಿಯ ಪಾಲನ್ನು ಮೊದಲು ಶೇ. 20, ಆಮೇಲೆ 40 ಎಂದು ಏರಿಸುತ್ತ ಬರಬೇಕು, ಅದೇ ಹೊತ್ತಿನಲ್ಲಿ ಲೋಟಕ್ಕೆ ಹಾಕುವ ಡಿಕಾಕ್ಷನ್‌ನ ಅಳತೆಯನ್ನೂ ಎರಡು ಚಮಚೆಯಷ್ಟು ಇಳಿಸುತ್ತ ಹೋಗಬೇಕು. ಚಿಕೋರಿಯ ಕಹಿ ಮತ್ತು ಬಣ್ಣ ಇರುವುದರಿಂದ ಲೋಟ ನೋಡಿದರೆ ಅದೇ ಕಾಫಿ, ಮೂಗಿಗೂ ಹೆಚ್ಚುಕಡಿಮೆ ಅದೇ ಕಾಫಿ. ಚಹಾದವರು ಸೊಪ್ಪು ಹಾಕಿ ಕುದಿಸುವ ಹೊತ್ತನ್ನು ಕಡಿಮೆ ಮಾಡುತ್ತ, ಸೊಪ್ಪಿನ ಅಳತೆಯನ್ನು ಅರ್ಧಕ್ಕಿಳಿಸಿ, ಏಲಕ್ಕಿ ಶುಂಠಿಗಳನ್ನು ಹೆಚ್ಚಿಸುತ್ತ ಬಂದರೆ ಎರಡು ವಾರದಲ್ಲಿ ಅದು ತಾನಾಗಿ ಕಷಾಯವಾಗಿ ನಿಲ್ಲುತ್ತದೆ. ಸಕ್ಕರೆಯನ್ನೂ ಇದರ ಜೊತೆಯಲ್ಲಿಯೇ ಇಳಿಸಿ. ಲೋಟಕ್ಕೆ ಎರಡು ಚಮಚೆಯಂತೆ ಆರು ಲೋಟವೆಂದರೆ ದಿನಕ್ಕೆ ಸುಮಾರು 60 ಗ್ರಾಂ ಸಕ್ಕರೆ, ಸುಮಾರು 240 ಕ್ಯಾಲೊರಿ.

ಕೆಫೀನ್ ಪೂರ್ತಿ ಶೂನ್ಯಕ್ಕೆ ಬರಬೇಕಾದದ್ದು ಶಸ್ತ್ರಚಿಕಿತ್ಸೆಗೆ ಕನಿಷ್ಠ ಎರಡು ವಾರ ಮೊದಲು. ಯಕೃತ್ತಿನ ಕೊಬ್ಬು ಇಳಿಸಲು ಅನೇಕ ಆಸ್ಪತ್ರೆಗಳಲ್ಲಿ ಕೊನೆಯ ಎರಡು ವಾರ ಕಡಿಮೆ ಕ್ಯಾಲೊರಿಯ ದ್ರವಾಹಾರ ಕೊಡುತ್ತಾರೆ; ಅದು ಆರಂಭವಾಗುವ ಮೂರು ನಾಲ್ಕು ದಿನ ಮೊದಲೇ ಶೂನ್ಯಕ್ಕೆ ಬಂದಿದ್ದರೆ ಹಸಿವಿನ ತಲೆನೋವು ಮತ್ತು ಕಾಫಿಯ ತಲೆನೋವು ಒಂದಕ್ಕೊಂದು ಸೇರುವುದಿಲ್ಲ. ದಿನಾಂಕ ಹತ್ತಿರದಲ್ಲಿದ್ದು ಇಷ್ಟು ಸಮಯ ಇಲ್ಲದಿದ್ದರೆ ಎರಡು ಮೂರು ದಿನಕ್ಕೊಮ್ಮೆ ಅರ್ಧಕ್ಕರ್ಧ ಇಳಿಸಿ, ಅಭ್ಯಾಸ ಎಷ್ಟಿತ್ತೆಂಬುದನ್ನು ಅರಿವಳಿಕೆ ವೈದ್ಯರಿಗೆ ತಿಳಿಸಿ.

ತಲೆನೋವು ಬಂದೇ ಬಂದರೆ ಮೊದಲು ಎರಡು ಲೋಟ ನೀರು ಕುಡಿದು, ಕತ್ತಲೆ ಕೋಣೆಯಲ್ಲಿ ಅರ್ಧ ಗಂಟೆ ಒರಗಬೇಕು. ತಡೆಯಲಾಗದಿದ್ದರೆ ವೈದ್ಯರನ್ನು ಕೇಳಿ ಬರೀ ಪ್ಯಾರಸಿಟಮಾಲ್ ತೆಗೆದುಕೊಳ್ಳಬಹುದು. ಐಬುಪ್ರೊಫೇನ್, ಡೈಕ್ಲೋಫಿನಾಕ್, ಆಸ್ಪಿರಿನ್ ಗುಂಪಿನ ನೋವಿನ ಮಾತ್ರೆಗಳನ್ನು ಸ್ವಂತ ತೀರ್ಮಾನದಿಂದ ನುಂಗುವ ರೂಢಿಯನ್ನು ಈಗಿನಿಂದಲೇ ಬಿಡುವುದು ಒಳ್ಳೆಯದು, ಬೈಪಾಸ್ ಆದ ಮೇಲೆ ಅವು ಕರುಳಿನ ಜೋಡಣೆಯ ಜಾಗದಲ್ಲಿ ಹುಣ್ಣು ತರುತ್ತವೆ. ಬೆಳಗಿನ ಕಾಫಿಯಿಂದಲೇ ಮಲವಿಸರ್ಜನೆಯಾಗುತ್ತಿದ್ದವರಿಗೆ ಈ ವಾರಗಳಲ್ಲಿ ಮಲಬದ್ಧತೆ ಕಾಡಬಹುದು. ಎದ್ದ ಕೂಡಲೇ ಬಿಸಿನೀರು, ಊಟದಲ್ಲಿ ಸೊಪ್ಪು ತರಕಾರಿ, ಬೇಕಾದರೆ ಇಸಬ್‌ಗೋಲ್ ಸಹಾಯ ಮಾಡುತ್ತವೆ.

ಐದನೆಯ ಹೆಜ್ಜೆ: ಲೋಟದ ಜಾಗಕ್ಕೆ ಲೋಟವೇ ಬರಲಿ

ಬರೀ ಕಾಫಿ ಬಿಟ್ಟು ಆ ಹೊತ್ತನ್ನು ಖಾಲಿ ಬಿಟ್ಟವರು ಮತ್ತೆ ಕಾಫಿಗೇ ಮರಳುತ್ತಾರೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೈಗೆ ಬಿಸಿ ಲೋಟ ಬೇಕು, ಎದುರಿಗೆ ಮಾತಾಡುವವರು ಬೇಕು, ಕೆಲಸದ ನಡುವೆ ಹತ್ತು ನಿಮಿಷದ ಬಿಡುವು ಬೇಕು. ಇವನ್ನು ಬಿಡಬೇಕೆಂದು ಯಾವ ವೈದ್ಯರೂ ಹೇಳಿಲ್ಲ. ಕೊತ್ತಂಬರಿ ಬೀಜ, ಜೀರಿಗೆ, ಸ್ವಲ್ಪ ಒಣ ಶುಂಠಿಯನ್ನು ಹುರಿದು ಪುಡಿ ಮಾಡಿಟ್ಟುಕೊಂಡರೆ ಯಾವ ಹೊತ್ತಿಗೆ ಬೇಕಾದರೂ ಒಂದು ಲೋಟ ಕಷಾಯವಾಗುತ್ತದೆ. ಅಂಗಡಿಯ ಕಷಾಯದ ಪುಡಿಯಲ್ಲಿ ಬೆಲ್ಲ ಸೇರಿದೆಯೇ ಎಂದು ನೋಡಿಕೊಳ್ಳಿ. ಏಪ್ರಿಲ್, ಮೇ ತಿಂಗಳ ದಾವಣಗೆರೆಯ ಬಿಸಿಲಿಗೆ ಬೆಣ್ಣೆ ತೆಗೆದ ನೀರು ಮಜ್ಜಿಗೆಯಂಥದ್ದು ಇನ್ನೊಂದಿಲ್ಲ. ಪಾನಕ, ಕಬ್ಬಿನ ಹಾಲು, ಹಣ್ಣಿನ ರಸಗಳು ಸಕ್ಕರೆಯ ಲೆಕ್ಕದಲ್ಲಿ ಸೋಡಾಕ್ಕೆ ಬದಲಿಯಾಗಲಾರವು.

ಮದುವೆ ಮನೆ, ಗೃಹಪ್ರವೇಶ, ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆ, ಇಂಥ ಕಡೆ ಒತ್ತಾಯ ತಪ್ಪದು. "ಅರ್ಧ ಲೋಟ ಕುಡೀರಿ ಅಕ್ಕಾ, ಏನಾಗ್ತತಿ?" ಎಂದು ಲೋಟ ಮುಂದಿಟ್ಟವರಿಗೆ ಶಸ್ತ್ರಚಿಕಿತ್ಸೆಯ ಕಥೆಯನ್ನೆಲ್ಲ ಹೇಳಬೇಕಾಗಿಲ್ಲ. "ಡಾಕ್ಟ್ರು ಬ್ಯಾಡ ಅಂದಾರವ್ವಾ, ಒಂದ್ ಲೋಟ ಬಿಸಿನೀರು ಕೊಡು ಸಾಕು" ಎಂದರೆ ಅವರಿಗೂ ಬೇಸರವಾಗುವುದಿಲ್ಲ, ನಿಮ್ಮ ಕೈಯೂ ಖಾಲಿ ಉಳಿಯುವುದಿಲ್ಲ. ಬೆಣ್ಣೆ ದೋಸೆಯ ಹೋಟೆಲಿನಲ್ಲಿ ದೋಸೆಯ ಬೆನ್ನಿಗೇ ಕಾಫಿ ಹೇಳುವ ಗೆಳೆಯರ ಜೊತೆಗಿದ್ದಾಗಲೂ ಇದೇ ಉಪಾಯ.

ಇದೇ ವಾರಗಳಲ್ಲಿ ಇನ್ನೆರಡು ಅಭ್ಯಾಸಗಳನ್ನು ರೂಢಿಸಿಕೊಳ್ಳಿ: ಊಟದ ಜೊತೆ ನೀರು ಕುಡಿಯದೆ ಅರ್ಧ ಗಂಟೆ ಬಿಟ್ಟು ಕುಡಿಯುವುದು, ಮತ್ತು ಗಟಗಟ ಕುಡಿಯದೆ ಗುಟುಕು ಗುಟುಕಾಗಿ ಕುಡಿಯುವುದು. ಸ್ಟ್ರಾ ಬಳಸಬೇಡಿ, ಅದರಿಂದ ಗಾಳಿ ಹೊಟ್ಟೆ ಸೇರುತ್ತದೆ.

ಆರನೆಯ ಹೆಜ್ಜೆ: ಆಸ್ಪತ್ರೆಗೆ ಹೋಗುವ ದಿನ ಮತ್ತು ಬಂದ ಮೇಲಿನ ವಾರಗಳು

ಈ ಶಸ್ತ್ರಚಿಕಿತ್ಸೆಗೆ ನಮ್ಮ ಜಿಲ್ಲೆಯ ಅನೇಕರು ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗುತ್ತಾರೆ. ಬೆಂಗಳೂರು ಸುಮಾರು 260 ಕಿ.ಮೀ.; ಚಿತ್ರದುರ್ಗ, ಹಿರಿಯೂರು, ಶಿರಾ ಎಂದು ದಾರಿಯುದ್ದಕ್ಕೂ ಹೆದ್ದಾರಿಯ ಹೋಟೆಲುಗಳು, ಬಸ್ಸು ನಿಂತಲ್ಲೆಲ್ಲ ಕಾಫಿಯ ಘಮ. ಫ್ಲಾಸ್ಕಿನಲ್ಲಿ ಕಷಾಯ ತುಂಬಿಕೊಂಡೇ ಹೊರಡಿ. ಅರಿವಳಿಕೆಗೆ ಮುನ್ನ ಎಷ್ಟು ಗಂಟೆ ಏನನ್ನೂ ಸೇವಿಸಬಾರದೆಂದು ಆಸ್ಪತ್ರೆ ಹೇಳುತ್ತದೆಯೋ ಅದನ್ನು ಅಕ್ಷರಶಃ ಪಾಲಿಸಬೇಕು. ಹಾಲು ಬೆರೆತ ಒಂದು ಗುಟುಕು ಕಾಫಿಗಾಗಿ ಶಸ್ತ್ರಚಿಕಿತ್ಸೆಯನ್ನೇ ಮುಂದೂಡಬೇಕಾಗಬಹುದು.

ಶಸ್ತ್ರಚಿಕಿತ್ಸೆಯ ನಂತರ ಮೊದಲ ದಿನಗಳಲ್ಲಿ ಕುಡಿಯುವುದೇ ಒಂದು ಕೆಲಸವಾಗುತ್ತದೆ. ಕೆಮ್ಮಿನ ಸಿರಪ್ಪಿನ ಜೊತೆ ಬರುವ, ಗೆರೆ ಹಾಕಿದ ಪ್ಲಾಸ್ಟಿಕ್ ಮುಚ್ಚಳವನ್ನು ತೊಳೆದು ಹಾಸಿಗೆಯ ಪಕ್ಕದಲ್ಲಿಟ್ಟುಕೊಳ್ಳಿ. ಅದರಲ್ಲಿ 10 ಅಥವಾ 15 ಮಿ.ಲೀ. ಹಿಡಿಯುತ್ತದೆ, ಒಂದು ಮುಚ್ಚಳ ನೀರನ್ನು ತುಟಿಗಿಟ್ಟು, ಬಾಯಲ್ಲಿ ಒಂದು ಕ್ಷಣ ಹಿಡಿದು, ನುಂಗಿ, ಎದೆಯಿಂದ ಕೆಳಗಿಳಿದದ್ದು ತಿಳಿದ ಮೇಲೆಯೇ ಮುಂದಿನದು. ಹೀಗೆ ಗಂಟೆಗೆ 100 ಮಿ.ಲೀ. ಆಸುಪಾಸು ಇಳಿದರೂ ಎಚ್ಚರವಿರುವ ಹೊತ್ತಿನಲ್ಲಿ ಒಂದೂವರೆ ಲೀಟರ್ ಆಗುತ್ತದೆ, ಮೆಲ್ಲಗೆ ತಲುಪಬೇಕಾದ ಗುರಿಯೂ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್. ನೀರು ಸಾಲದೆ ನಿರ್ಜಲೀಕರಣವಾಗಿ ಮತ್ತೆ ಆಸ್ಪತ್ರೆಗೆ ಸೇರುವುದು ಈ ಶಸ್ತ್ರಚಿಕಿತ್ಸೆಯ ನಂತರ ಆಗಾಗ ಕಾಣುವ ತೊಂದರೆ. ಮೂತ್ರ ಕಡು ಹಳದಿಯಾದರೆ, ಎದ್ದು ನಿಂತಾಗ ತಲೆ ತಿರುಗಿದರೆ ನೀರು ಸಾಲುತ್ತಿಲ್ಲವೆಂದು ತಿಳಿಯಬೇಕು. ತಿಳಿ ಬೇಳೆಕಟ್ಟು, ಸೋಸಿದ ನೀರು ಮಜ್ಜಿಗೆ, ನೀರು ಬೆರೆಸಿದ ಎಳನೀರು ಯಾವ ದಿನದಿಂದ ಎಂಬುದನ್ನು ಆಹಾರ ತಜ್ಞರ ಹಾಳೆ ನೋಡಿ ಆರಂಭಿಸಬೇಕು. ಎದೆಬಡಿತ ವಿಶ್ರಾಂತಿಯಲ್ಲಿಯೂ 120ರ ಮೇಲೆ ನಿಂತರೆ, ಜ್ವರ ಬಂದರೆ, ಹೊಟ್ಟೆನೋವು ಹೆಚ್ಚುತ್ತ ಹೋದರೆ, ಕುಡಿದ ನೀರೂ ವಾಂತಿಯಾಗುತ್ತಿದ್ದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಫೋನ್ ಮಾಡಿ. ಊರಿಗೆ ಮರಳುವಾಗ ಗಂಟೆಗೊಮ್ಮೆ ವಾಹನ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಯಬೇಕು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಅದು ಅಗತ್ಯ.

ಏಳನೆಯ ಹೆಜ್ಜೆ: ಮತ್ತೆ ಕಾಫಿ ಬೇಕೆಂದರೆ

ಸೋಡಾಕ್ಕೆ ಮರಳುವುದೇ ಬೇಡ. ಕಾಫಿಯ ಬಗ್ಗೆ ನಾನು ಅಷ್ಟು ಕಠಿಣವಾಗಲಾರೆ. ಶಸ್ತ್ರವೈದ್ಯರು ಒಪ್ಪಿದ ಮೇಲೆ, ದಿನದ ನೀರು ಮತ್ತು 60ರಿಂದ 80 ಗ್ರಾಂ ಪ್ರೋಟೀನ್ ಸಲೀಸಾಗಿ ಹೊಟ್ಟೆಗೆ ಸೇರುತ್ತಿರುವಾಗ, ಒಂದು ಚಿಕ್ಕ ಲೋಟ ಕಾಫಿಯಿಂದ ಸಿಗುವ ಸಂತೋಷವನ್ನು ಕಸಿಯುವುದರಲ್ಲಿ ಅರ್ಥವಿಲ್ಲ. ಡಿಕ್ಯಾಫ್ (ಕೆಫೀನ್ ಬಹುತೇಕ ತೆಗೆದ ಕಾಫಿ) ಅಥವಾ ಚಿಕೋರಿ ಹೆಚ್ಚಿರುವ ತೆಳು ಕಾಫಿಯಿಂದ, 60 ಮಿ.ಲೀ.ನಷ್ಟು, ಸಕ್ಕರೆಯಿಲ್ಲದೆ, ಖಾಲಿ ಹೊಟ್ಟೆಯಲ್ಲಲ್ಲದೆ ಆರಂಭಿಸಿ. ಎರಡು ದಿನ ಎದೆಯುರಿ, ಹೊಟ್ಟೆನೋವು, ಭೇದಿ ಏನೂ ಕಾಣದಿದ್ದರೆ ಮುಂದುವರಿಸಿ. ಹಾಲು ಕುಡಿದಾಗ ಮಾತ್ರ ಹೊಟ್ಟೆ ಗುಡುಗುಟ್ಟಿದರೆ ದೋಷ ಕಾಫಿಯದಲ್ಲದೆ ಹಾಲಿನದ್ದಿರಬಹುದು, ಬೈಪಾಸ್ ನಂತರ ಹಾಲು ಒಗ್ಗದಿರುವುದು ಅಪರೂಪವಲ್ಲ. ಬಿಸ್ಕೆಟ್ ಅದ್ದಿಕೊಂಡು ತಿನ್ನುವ ಹಳೆಯ ರೂಢಿ ಈ ಲೋಟದ ಹಿಂದೆಯೇ ಬಂದು ಕೂರುತ್ತದೆ. ಮೊದಲ ದಿನವೇ ತಟ್ಟೆಯನ್ನು ದೂರವಿಡಿ. ಧೂಮಪಾನ ಮಾಡುವವರು, ಬೈಪಾಸ್ ನಂತರ ಹುಣ್ಣು ಕಾಣಿಸಿಕೊಂಡವರು ವೈದ್ಯರು ಬೇಡವೆಂದಿದ್ದರೆ ಕಾಫಿಯ ಆಸೆಯನ್ನು ಬಿಡಬೇಕು.

ಮಾತ್ರೆಗಳ ಹೊತ್ತಿನ ಲೆಕ್ಕ ಇಲ್ಲಿಂದ ಮುಂದೆ ಜೀವನವಿಡೀ ಇರುತ್ತದೆ. ಕಬ್ಬಿಣದ ಮಾತ್ರೆ ನುಂಗುವುದಕ್ಕೆ ಮುಂಚೆ ಒಂದು ಗಂಟೆ ಮತ್ತು ಆಮೇಲೆ ಒಂದೆರಡು ಗಂಟೆ ಕಾಫಿ ಚಹಾ ಬೇಡ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳ ನಡುವೆಯೂ ಎರಡು ಗಂಟೆ ಅಂತರವಿರಲಿ. ಥೈರಾಯ್ಡ್ ಮಾತ್ರೆಯನ್ನು ಬೆಳಿಗ್ಗೆ ಬರಿಹೊಟ್ಟೆಗೆ ನೀರಿನ ಜೊತೆ ತೆಗೆದುಕೊಳ್ಳುವವರು ಕಾಫಿಗೆ ಕನಿಷ್ಠ ಒಂದು ಗಂಟೆ ಕಾಯಬೇಕು. ಥೈರಾಯ್ಡ್ ಮಾತ್ರೆ ಎದ್ದ ಕೂಡಲೇ, ತಿಂಡಿಯಾದ ಮೇಲೆ ಕಾಫಿ, ಮಧ್ಯಾಹ್ನದ ಊಟದ ನಂತರ ಕ್ಯಾಲ್ಸಿಯಂ, ರಾತ್ರಿ ಮಲಗುವ ಮುಂಚೆ ಕಬ್ಬಿಣ ಎಂದು ಹಂಚಿಕೊಂಡು, ಅಡುಗೆಮನೆಯ ಕ್ಯಾಲೆಂಡರಿನ ಪಕ್ಕದಲ್ಲಿ ಬರೆದು ಅಂಟಿಸಿದರೆ ಗೊಂದಲವಿರುವುದಿಲ್ಲ. ಹಿಮೋಗ್ಲೋಬಿನ್, ಮೈಯಲ್ಲಿ ಕೂಡಿಟ್ಟ ಕಬ್ಬಿಣವನ್ನು ತೋರಿಸುವ ಫೆರಿಟಿನ್ ಮತ್ತು ಬಿ12 ಪರೀಕ್ಷೆಯ ವರದಿ ಬಂದಾಗ ಫೆರಿಟಿನ್ ಇಳಿಯುತ್ತಿರುವುದು ಕಂಡರೆ, ದಿನಕ್ಕೆ ಎಷ್ಟು ಲೋಟ ಕಾಫಿ ಚಹಾ ಕುಡಿಯುತ್ತಿದ್ದೀರಿ, ಯಾವ ಹೊತ್ತಿಗೆ ಕುಡಿಯುತ್ತಿದ್ದೀರಿ ಎಂಬುದನ್ನು ವೈದ್ಯರು ಕೇಳುವ ಮುಂಚೆಯೇ ನೀವಾಗಿ ಹೇಳಿ.